ಕಂಕಣ ಗ್ರಹಣ ನೋಡಿದವರು ಖಗ್ರಾಸಕ್ಕಾಗಿ ಅಷ್ಟು ದೂರ ಹೋಗಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಗೋಣಿಕೊಪ್ಪಲಿನವರು. 2019ರ ಡಿಸೆಂಬರ್‌ನಲ್ಲಿ ಕೊಡಗಿನ ಕುಟ್ಟಕ್ಕೆ ಹೋಗಿ, ಸೂರ್ಯ ಉಂಗುರದ ಹಾಗೆ ಉಳಿಯುವ ಕಂಕಣ ಗ್ರಹಣ ನೋಡಿದ್ದೀರಿ. ಈಗ 2027ರ ಆಗಸ್ಟ್ 2ರ ಖಗ್ರಾಸ ಗ್ರಹಣ, ಅಂದರೆ ಸೂರ್ಯ ಪೂರ್ತಿ ಮುಚ್ಚುವ ಗ್ರಹಣ ನೋಡಲು ಈಜಿಪ್ಟಿಗೆ ಹೋಗೋಣ ಅಂತ ಸ್ನೇಹಿತರು ಕರೆಯುತ್ತಿದ್ದಾರೆ. ಒಂದು ನೋಡಿ ಆಗಿದೆಯಲ್ಲ, ಇನ್ನೊಂದಕ್ಕೆ ಅಷ್ಟು ದುಡ್ಡು ಸುರಿಯಬೇಕಾ ಅಂತ ನಿಮ್ಮ ಅನುಮಾನ. ಗ್ರಹಣ ಬಂದರೆ ಜನ ಮನೆಯೊಳಗೆ ಇರುತ್ತಾರೆ, ಅದನ್ನೇ ಹುಡುಕಿಕೊಂಡು ಯಾರಾದರೂ ಹೋಗುತ್ತಾರಾ ಅಂತ ಅಮ್ಮ ಬೇರೆ ಬೈಯುತ್ತಿದ್ದಾರೆ.

ಹೋಗಿ. ಸಾಲ ಮಾಡಿ ಹೋಗಬೇಕಾಗುತ್ತದೆ ಅಂದರೆ ಬೇಡ. ಕೈಯಲ್ಲಿ ದುಡ್ಡಿದ್ದರೆ ಯೋಚನೆ ಮಾಡಬೇಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನೀವು ಮಾಡುತ್ತಿರುವ ತಪ್ಪು ಲೆಕ್ಕವನ್ನೇ ನಾನೂ ನಾಲ್ಕು ವರ್ಷಕ್ಕೂ ಜಾಸ್ತಿ ಮಾಡಿಕೊಂಡಿದ್ದೆ.

2019ರ ಡಿಸೆಂಬರ್ 26ರಂದು ನಾನೂ ಕುಟ್ಟದಲ್ಲೇ ಇದ್ದೆ. ಕಾಯಿಮಾನಿ ಕಡೆ ಜನ ಜಾತ್ರೆಯ ಹಾಗೆ ಸೇರಿದ್ದರು, ನೆನಪಿದೆಯಲ್ಲ? ನಾವು ಅಲ್ಲಿಗೆ ಹೋಗದೆ ಅಣ್ಣನ ತೋಟದ ಕಾಫಿ ಕಣದಲ್ಲಿ ನಿಂತೆವು. ಕುಯ್ಲಿನ ಸಮಯ. ಆದರೂ ಕೆಲಸದವರು ಗ್ರಹಣ ಬಿಟ್ಟ ಮೇಲೆ, ಹನ್ನೊಂದು ಗಂಟೆ ದಾಟಿದ ನಂತರವೇ ಬರುತ್ತೇವೆ ಅಂದಿದ್ದರು. ಬೆಳಗ್ಗೆ ಮಂಜು. ಎಂಟು ಗಂಟೆಗೆ ಗ್ರಹಣ ಹಿಡಿಯುವ ಹೊತ್ತಿಗೂ ಸೂರ್ಯ ಸರಿಯಾಗಿ ಕಾಣಲಿಲ್ಲ. ಆಮೇಲೆ ಮಂಜು ಸರಿಯಿತು. 9.25ರ ಸುಮಾರಿಗೆ ಕನ್ನಡಕದೊಳಗೆ ಬಳೆಯಂಥ ಉಂಗುರ. ಎರಡು ನಿಮಿಷ ಚಿಲ್ಲರೆ ಇತ್ತು.

ನನಗೆ ಅವತ್ತು ಜಾಸ್ತಿ ಇಷ್ಟವಾದದ್ದು ಆಕಾಶವಲ್ಲ, ನೆಲ. ಸಿಲ್ವರ್ ಓಕ್ ಮರದ ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಒಂದೊಂದು ಚುಕ್ಕಿಯೂ ಮೊದಲು ಕುಡುಗೋಲಿನ ಆಕಾರ ತಾಳಿತು, ಆಮೇಲೆ ಉಂಗುರವಾಯಿತು. ಕಾಫಿ ಗಿಡಗಳ ಮೇಲೆ, ಕಣದ ಸಿಮೆಂಟಿನ ಮೇಲೆ, ಅಣ್ಣನ ಬಿಳಿ ಅಂಗಿಯ ಮೇಲೆ ಸಾವಿರಾರು ಉಂಗುರಗಳು. ಎಲೆಗಳ ನಡುವಿನ ಸಣ್ಣ ಸಂದಿಗಳು ಸೂಜಿರಂಧ್ರ ಕ್ಯಾಮೆರಾದ ಕೆಲಸ ಮಾಡುತ್ತವೆ, ಸೂರ್ಯನ ಆಕಾರವನ್ನೇ ನೆಲಕ್ಕೆ ಇಳಿಸುತ್ತವೆ. ನೆರಳಿನ ಮರಗಳಿರುವ ನಮ್ಮ ಕಾಫಿ ತೋಟಕ್ಕಿಂತ ಒಳ್ಳೆಯ ಜಾಗ ಇದಕ್ಕೆ ಸಿಗುವುದಿಲ್ಲ.

ಅಷ್ಟು ಚೆನ್ನಾಗಿತ್ತು. ಹಾಗಾಗಿಯೇ ಖಗ್ರಾಸ ಅಂದರೆ ಇದಕ್ಕಿಂತ ಇನ್ನೊಂಚೂರು ಜಾಸ್ತಿ ಇರಬಹುದು, ಅಷ್ಟೆ ಅಂದುಕೊಂಡೆ. 2024ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. ಗ್ರಹಣಕ್ಕೆಂದು ಹೋದದ್ದಲ್ಲ. ಏಪ್ರಿಲ್ 8ರಂದು ಅಲ್ಲಿ ಸೂರ್ಯನ ನೂರಕ್ಕೆ 94 ಭಾಗ ಮುಚ್ಚುತ್ತಿತ್ತು. ಪೂರ್ತಿ ಮುಚ್ಚುವುದನ್ನು ನೋಡಬೇಕಾದರೆ ಮೂರು ಗಂಟೆ ದಕ್ಷಿಣಕ್ಕೆ, ಇಂಡಿಯಾನಾಪೊಲಿಸ್ ಕಡೆಗೆ ಕಾರಿನಲ್ಲಿ ಹೋಗಬೇಕು. ಅಕ್ಕ, "94 ಇಲ್ಲೇ ಸಿಗುತ್ತಲ್ಲ, ಆರು ಭಾಗಕ್ಕೆ ಯಾಕೋ ಅಷ್ಟು ದೂರ?" ಅಂದಳು. ಅವಳ ಲೆಕ್ಕ ನನಗೂ ಸರಿ ಅನಿಸಿತು. ಹುಡುಗ ಬಿಡಲಿಲ್ಲ. ಅಕ್ಕ ಮನೆಯಲ್ಲೇ ಉಳಿದಳು, ನಾವಿಬ್ಬರು ಹೊರಟೆವು.

ಇಂಡಿಯಾನಾಪೊಲಿಸ್ ದಾಟಿ ಒಂದು ಸಣ್ಣ ಊರಿನ ಶಾಲಾ ಮೈದಾನ. ಏಪ್ರಿಲ್ ಆದರೂ ಮರಗಳು ಇನ್ನೂ ಬೋಳು. ಆಕಾಶ ಶುಭ್ರವಾಗಿತ್ತು. ಒಂದು ಗಂಟೆ ಕಾಲ ಎಲ್ಲ ಕುಟ್ಟದ ಹಾಗೆಯೇ ನಡೆಯಿತು. ಕನ್ನಡಕ ಹಾಕು, ನೋಡು, ತೆಗೆ. ಬೆಳಕು ಮಂಕಾಗಿ, ತವರದ ಬಣ್ಣಕ್ಕೆ ತಿರುಗಿತು. ಗಾಳಿ ತಣ್ಣಗಾಯಿತು. ಮಧ್ಯಾಹ್ನ ಮೂರು ದಾಟಿ ಐದಾರು ನಿಮಿಷಕ್ಕೆ ನೈಋತ್ಯದ ಕಡೆಯಿಂದ ಕತ್ತಲೆ ಬಂತು. ಮುಂಗಾರಿನ ಮೋಡ ಬ್ರಹ್ಮಗಿರಿಯನ್ನು ಮುಚ್ಚಿಕೊಂಡು ಇಳಿಯುತ್ತದಲ್ಲ, ಆ ಥರ. ಆದರೆ ಅದಕ್ಕಿಂತ ಎಷ್ಟೋ ವೇಗ, ಮತ್ತು ಸದ್ದೇ ಇಲ್ಲ. ಚಂದ್ರನ ಅಂಚಿನಲ್ಲಿ ಒಂದೇ ಒಂದು ಬೆಳಕಿನ ಹನಿ ಉಳಿಯಿತು. ಅದೂ ಆರಿತು.

ಕನ್ನಡಕ ತೆಗೆದೆ. ಸೂರ್ಯ ಇದ್ದ ಜಾಗದಲ್ಲಿ ಒಂದು ಕಪ್ಪು ತೂತು. ಅದರ ಸುತ್ತ ಬಿಳಿ ರೇಷ್ಮೆ ಎಳೆಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿದ್ದವು. ಕಪ್ಪು ವೃತ್ತದ ಕೆಳಗಿನ ಅಂಚಿನಲ್ಲಿ ಕೆಂಡದಂಥ ಗುಲಾಬಿ ಚುಕ್ಕೆ. ಅದು ಸೂರ್ಯನಿಂದ ಮೇಲೆದ್ದ ಅನಿಲದ ಜ್ವಾಲೆ. ಬರಿಗಣ್ಣಿಗೇ ಕಂಡಿತು! ಬಲಗಡೆ ಕೆಳಗೆ ಶುಕ್ರ, ಎಡಗಡೆ ಮೇಲೆ ಗುರು. ಸುತ್ತ ಎಲ್ಲಿ ನೋಡಿದರೂ ದಿಗಂತದಲ್ಲಿ ಸಂಜೆಯ ಕೇಸರಿ, ನಾಲ್ಕೂ ದಿಕ್ಕಿನಲ್ಲಿ ಒಟ್ಟಿಗೇ ಸೂರ್ಯ ಮುಳುಗಿದ ಹಾಗೆ. ಮೈದಾನದಲ್ಲಿದ್ದ ಜನ ಕೂಗಿದರು. ನಾನೂ ಏನೋ ಕೂಗಿದೆನಂತೆ, ನನಗೆ ನೆನಪಿಲ್ಲ. ಕಣ್ಣಲ್ಲಿ ನೀರು ಬಂದದ್ದು ನೆನಪಿದೆ. ಸುಮಾರು ನಾಲ್ಕು ನಿಮಿಷ. ಆಮೇಲೆ ಇನ್ನೊಂದು ಅಂಚಿನಲ್ಲಿ ವಜ್ರದ ಹಾಗೆ ಒಂದು ಕಿಡಿ ಹೊತ್ತಿಕೊಂಡಿತು, ಹಗಲು ವಾಪಸ್ ಬಂತು.

ಅಕ್ಕನಿಗೆ ಫೋನ್ ಮಾಡಿ ಕೇಳಿದೆ. "ಸ್ವಲ್ಪ ಮಬ್ಬಾಯಿತು ಕಣೋ. ಕನ್ನಡಕದಲ್ಲಿ ಬಿದಿಗೆ ಚಂದ್ರನ ಥರ ಕಾಣಿಸ್ತು" ಅಂದಳು.

ನಮ್ಮ ಲೆಕ್ಕ ತಪ್ಪುವುದು ಇಲ್ಲೇ. 94 ಭಾಗ ನೋಡಿದವರಿಗೆ ಖಗ್ರಾಸದ ನೂರಕ್ಕೆ 94ರಷ್ಟು ಅನುಭವ ಸಿಗುವುದಿಲ್ಲ. ಏನೂ ಸಿಗುವುದಿಲ್ಲ ಅಂದರೂ ತಪ್ಪಲ್ಲ. ಆ ರೇಷ್ಮೆ ಎಳೆಗಳಿಗೆ ಕರೋನಾ ಅಂತ ಹೆಸರು, ಅದು ಸೂರ್ಯನ ಹೊರಗಿನ ವಾತಾವರಣ. (ವೈರಸ್‌ಗೆ ಆ ಹೆಸರು ಬಂದದ್ದೂ ಇದನ್ನು ನೋಡಿಯೇ.) ಅದು ಯಾವಾಗಲೂ ಅಲ್ಲಿ ಇರುತ್ತದೆ. ಆದರೆ ಸೂರ್ಯನ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂದ, ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಬೆಳಕು. ಸೂರ್ಯನ ನೂರರಲ್ಲಿ ಒಂದು ಭಾಗ ಉಳಿದರೂ ಆ ಬೆಳಕು ಕರೋನಾಗಿಂತ ಸಾವಿರಾರು ಪಟ್ಟು ಹೆಚ್ಚು. ಹಾಗಾಗಿ 99 ಆದರೂ ಹಗಲೇ. ಪೂರ್ತಿ ಮುಚ್ಚಿದ ಮೇಲೆಯೇ ಆ ಬಾಗಿಲು ತೆರೆಯುವುದು.

ಕುಟ್ಟದಲ್ಲಿ ನಾವು ನೋಡಿದ್ದೂ ಇದೇ ಲೆಕ್ಕಕ್ಕೆ ಬರುತ್ತದೆ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡದು, ಸುಮಾರು 400 ಪಟ್ಟು ದೂರವೂ ಇದೆ. ಅದಕ್ಕೇ ಎರಡೂ ನಮ್ಮ ಕಣ್ಣಿಗೆ ಒಂದೇ ಅಳತೆ. ಆದರೆ ಚಂದ್ರನ ದಾರಿ ಪೂರ್ತಿ ಗುಂಡಗಿಲ್ಲ. ದೂರ ಹೋದಾಗ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ, ಸೂರ್ಯನನ್ನು ಪೂರ್ತಿ ಮುಚ್ಚಲಾರದು. ಉಂಗುರ ಉಳಿಯುತ್ತದೆ. 2019ರಲ್ಲಿ ಮುಚ್ಚಿದ್ದು ಸುಮಾರು 93 ಭಾಗ. ಅಂದರೆ ಕಣದಲ್ಲಿ ನಿಂತ ನನಗೂ ಷಿಕಾಗೋದ ಅಕ್ಕನಿಗೂ ಸಿಕ್ಕ ಬೆಳಕು ಹೆಚ್ಚುಕಡಿಮೆ ಒಂದೇ. ನೀವು ನೋಡಿದ ಕಂಕಣ ಸುಂದರವಾದದ್ದು, ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ಅದರಿಂದ ಖಗ್ರಾಸವನ್ನು ಊಹಿಸಲು ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮೋಸ ಹೋದ ಕಥೆಯನ್ನೂ ಹೇಳಬೇಕು. 2009ರ ಜುಲೈ 22ರ ಗ್ರಹಣ ಈ ಶತಮಾನದಲ್ಲೇ ದೀರ್ಘವಾದದ್ದು. ಸೂರತ್, ವಾರಾಣಸಿ, ಪಟ್ನಾ ಮೇಲೆ ಹಾದುಹೋಯಿತು. ಬಿಹಾರದ ತಾರೇಗನಾ ಒಳ್ಳೆಯ ಜಾಗ ಅಂತ ಆಗ ಎಲ್ಲರ ಬಾಯಲ್ಲೂ ಇತ್ತು. ಸ್ನೇಹಿತನ ಜೊತೆ ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿ, ಎರಡು ರಾತ್ರಿ ರೈಲಿನಲ್ಲಿ ಕಳೆದು ಹೋದೆ. ಬೆಳಗ್ಗೆ ಆರೂಕಾಲಿಗೆ ಆಕಾಶ ತುಂಬ ಮೋಡ. ಕತ್ತಲೆ ಮಾತ್ರ ಆಯಿತು. ಯಾರೋ ದೀಪ ಆರಿಸಿದ ಹಾಗೆ ಮೂರೂಮುಕ್ಕಾಲು ನಿಮಿಷ, ಆಮೇಲೆ ಮತ್ತೆ ಬೆಳಗು. ಕಾಗೆಗಳು ಗಲಾಟೆ ಮಾಡಿದವು. ಸೂರ್ಯ ಕಾಣಲೇ ಇಲ್ಲ. ವಾಪಸ್ ಬರುವಾಗ ನಾವಿಬ್ಬರೂ ಇಟಾರ್ಸಿವರೆಗೆ ಮಾತಾಡಲಿಲ್ಲ. ಜುಲೈ ತಿಂಗಳು, ಮಳೆಗಾಲ. ಕೊಡಗಿನಲ್ಲಿ ಹುಟ್ಟಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಅದಕ್ಕೇ 2027ರ ಗ್ರಹಣವನ್ನು ಬಿಡಬೇಡಿ ಅನ್ನುತ್ತಿರುವುದು. ಅದು ಸ್ಪೇನಿನ ದಕ್ಷಿಣ ತುದಿಯಿಂದ ಮೊರಾಕ್ಕೊ, ಅಲ್ಜೀರಿಯಾ, ಟುನೀಶಿಯಾ, ಲಿಬಿಯಾ, ಈಜಿಪ್ಟ್ ಮೇಲೆ ಹಾದು ಸೌದಿ, ಯೆಮೆನ್ ಕಡೆಗೆ ಹೋಗುತ್ತದೆ. ಈಜಿಪ್ಟಿನ ಲಕ್ಸರ್ ಹತ್ತಿರ 6 ನಿಮಿಷಕ್ಕಿಂತ ಜಾಸ್ತಿ ಹೊತ್ತು ಪೂರ್ತಿ ಮುಚ್ಚಿರುತ್ತದೆ. ನನಗೆ ಸಿಕ್ಕಿದ್ದು ನಾಲ್ಕು. ಆಗಸ್ಟ್‌ನಲ್ಲಿ ಅಲ್ಲಿ ಮೋಡ ಅನ್ನುವುದೇ ಅಪರೂಪ. ಬಿಸಿಲು ಮಾತ್ರ ಕಠಿಣ, 40 ಡಿಗ್ರಿ ದಾಟುತ್ತದೆ, ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಟೋಪಿ, ನೀರು, ಮಲಗಿ ನೋಡಲು ಒಂದು ಚಾಪೆ ಇರಲಿ. ಅದೇ ದಿನ ನಮ್ಮಲ್ಲೂ ಪಾರ್ಶ್ವ ಗ್ರಹಣ (ಸೂರ್ಯನ ಒಂದು ಭಾಗ ಮಾತ್ರ ಮುಚ್ಚುವುದು) ಇದೆ. ಆದರೆ ಮರುದಿನ ಕಕ್ಕಡ ಪದಿನೆಟ್ಟ್, ನಮ್ಮ ಮಳೆಗಾಲದ ಹಬ್ಬ! ಮದ್ದುಸೊಪ್ಪಿನ ಪಾಯಸ ಮಾಡುವ ಹೊತ್ತಿನಲ್ಲಿ ಕೊಡಗಿನ ಆಕಾಶ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ?

ಇಲ್ಲೇ ಬರಲಿ ಅಂತ ಕಾಯೋಣ ಅನ್ನುವವರಿಗೆ ನನ್ನ ಉತ್ತರ ಬೇರೆ. 2031ರ ಮೇ 21ರಂದು ಕೇರಳದ ದಕ್ಷಿಣ ಭಾಗ, ಮಧುರೈ ಕಡೆ ಹಾದುಹೋಗುವುದು ಮತ್ತೆ ಕಂಕಣವೇ. ಭಾರತದ ನೆಲದಲ್ಲಿ ಮುಂದಿನ ಖಗ್ರಾಸ 2034ರ ಮಾರ್ಚ್ 20ರಂದು, ಅದೂ ಕಾಶ್ಮೀರ, ಲಡಾಖ್ ಕಡೆ. ಚಳಿ, ಹಿಮ, ಮೋಡ. ಯಾವುದೇ ಒಂದು ಊರನ್ನು ಹಿಡಿದರೆ, ಅಲ್ಲಿಗೆ ಖಗ್ರಾಸ ಬರುವುದು ಸರಾಸರಿ 375 ವರ್ಷಕ್ಕೊಮ್ಮೆ. 1871ರ ಡಿಸೆಂಬರ್ 12ರ ಖಗ್ರಾಸ ನಮ್ಮ ಪಕ್ಕದಲ್ಲೇ ಹೋಗಿತ್ತು. ಅದನ್ನು ನೋಡಲು ನಾರ್ಮನ್ ಲಾಕ್ಯರ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಹಡಗು ಹತ್ತಿ ಬಂದು ಬೇಕಲ ಕೋಟೆಯಲ್ಲಿ ದೂರದರ್ಶಕ ಹೂಡಿದ್ದರು. ಸೂರ್ಯನಲ್ಲಿ ಹೀಲಿಯಂ ಗುರುತಿಸಿದವರಲ್ಲಿ ಒಬ್ಬರು ಅವರು. ಇನ್ನೊಂದು ತಂಡ ವಯನಾಡಿನ ಮಾನಂದವಾಡಿಯಲ್ಲಿತ್ತು. ಕುಟ್ಟದಿಂದ ಅದು ಎಷ್ಟು ಹತ್ತಿರ! ಅವರು ಅಷ್ಟು ಸಮುದ್ರ ದಾಟಿ ಬಂದರು. ನಾವು ಒಂದು ಸಲ ವಿಮಾನ ಹತ್ತುವುದು ದೊಡ್ಡದಲ್ಲ ಅನಿಸುತ್ತದೆ ನನಗೆ.

ಹೋಗುವುದಾದರೆ ಕೆಲವು ಮಾತು. ಖಗ್ರಾಸ ಕಾಣುವುದು ಚಂದ್ರನ ನೆರಳು ಹಾದುಹೋಗುವ ಪಟ್ಟಿಯಲ್ಲಿ ಮಾತ್ರ. ಆ ಪಟ್ಟಿಯ ಅಂಚಿನಲ್ಲಿ ನಿಲ್ಲಬೇಡಿ, ನಡುಗೆರೆಯ ಹತ್ತಿರ ಇರಿ. ಪ್ರವಾಸದ ಕಂಪನಿಯವರು ಕೈರೋದಲ್ಲೇ ತೋರಿಸುತ್ತೇವೆ ಅಂದರೆ ಒಪ್ಪಬೇಡಿ, ಕೈರೋ ಪಟ್ಟಿಯ ಹೊರಗಿದೆ. ಕನ್ನಡಕ ಐಎಸ್‌ಒ 12312-2 ಅನ್ನುವ ಸುರಕ್ಷತೆಯ ಗುರುತಿರುವುದನ್ನು ನಂಬಿಕೆಯ ಜಾಗದಲ್ಲಿ ಕೊಳ್ಳಿ. ಎಕ್ಸ್‌ರೇ ಫಿಲ್ಮ್, ತಂಪು ಕನ್ನಡಕ ಬೇಡವೇ ಬೇಡ. ಪೂರ್ತಿ ಮುಚ್ಚಿದ ಆ ಕೆಲವು ನಿಮಿಷ ಮಾತ್ರ ಬರಿಗಣ್ಣು, ಮೊದಲ ಕಿಡಿ ಕಂಡ ತಕ್ಷಣ ಮತ್ತೆ ಕನ್ನಡಕ. ಫೋಟೋ ತೆಗೆಯಲು ಹೋಗಬೇಡಿ. ನಾನು ಮೊದಲ ಅರ್ಧ ನಿಮಿಷ ಮೊಬೈಲ್ ಸರಿಮಾಡುತ್ತಾ ಕಳೆದೆ, ಇವತ್ತಿಗೂ ಆ ಅರ್ಧ ನಿಮಿಷಕ್ಕೆ ಹೊಟ್ಟೆ ಉರಿಯುತ್ತದೆ. ಅವತ್ತೇ ವಾಪಸ್ ಹೊರಡಬೇಡಿ. ಮೂರು ಗಂಟೆಯ ದಾರಿ ನಮಗೆ ಏಳು ಗಂಟೆ ಹಿಡಿಯಿತು, ಅಷ್ಟು ಕಾರುಗಳು.

ಇನ್ನು ನಿಮ್ಮ ಅಮ್ಮನ ವಿಷಯ. 1980ರ ಫೆಬ್ರವರಿ 16ರಂದು ನನಗೆ ಹತ್ತು ವರ್ಷ. ಅವತ್ತು ಖಗ್ರಾಸದ ನೆರಳು ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ, ನಮ್ಮ ರಾಜ್ಯದ ಅಡ್ಡಕ್ಕೆ ಹಾದುಹೋಯಿತು. ಒಂದು ರಾತ್ರಿಯ ಬಸ್ಸಿನ ದೂರ. ನಮ್ಮಲ್ಲಿ ಪಾರ್ಶ್ವ ಗ್ರಹಣ. ಅಮ್ಮ ಮಧ್ಯಾಹ್ನಕ್ಕೇ ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ನಮ್ಮನ್ನೆಲ್ಲ ಒಳಗೆ ಕೂರಿಸಿದ್ದರು. ಅಡುಗೆಮನೆಯಲ್ಲಿ ನೀರಿನ ತಟ್ಟೆಯಲ್ಲಿ ಒನಕೆ ನಿಲ್ಲಿಸಿದ್ದು ನೆನಪಿದೆ. ವಾರದ ಮೇಲೆ ಹುಬ್ಬಳ್ಳಿಯಲ್ಲಿದ್ದ ಸೋದರಮಾವನ ಕಾಗದ ಬಂತು. ಹಗಲಲ್ಲೇ ಚುಕ್ಕಿ ಕಂಡಿತು, ಕೋಳಿಗಳು ಗೂಡಿಗೆ ಹೋದವು ಅಂತ ಬರೆದಿದ್ದರು. ಅಮ್ಮ ಅದನ್ನು ಎರಡು ಮೂರು ಸಲ ಓದಿಸಿಕೊಂಡರು. ಭಯದಲ್ಲಿ ಮಕ್ಕಳನ್ನು ಕಾಪಾಡಿದವರು ಅವರು. ಸಿಟ್ಟಿಲ್ಲ ನನಗೆ.

2024ರಲ್ಲಿ ನಾವು ಷಿಕಾಗೋಗೆ ವಾಪಸ್ ಬಂದಾಗ ರಾತ್ರಿ ಹತ್ತು ಗಂಟೆ. ಇಲ್ಲಿ ಯುಗಾದಿಯ ಬೆಳಗು. ಅಮ್ಮನಿಗೆ ಫೋನ್ ಮಾಡಿದೆ. ಊಟ ಆಯಿತಾ ಅಂತ ಕೇಳಲಿಲ್ಲ, ಬೇವುಬೆಲ್ಲ ತಿಂದೆಯಾ ಅಂತಲೂ ಕೇಳಲಿಲ್ಲ. "ಚುಕ್ಕಿ ಕಾಣಿಸಿತಾ?" ಅಂದರು. ಎರಡು ಕಂಡಿತು ಅಂದೆ. ಯಾವ ಕಡೆ, ಎಷ್ಟು ಹೊತ್ತು, ಕೋಳಿ ಇತ್ತಾ ಅಂತ ಒಂದೊಂದಾಗಿ ಕೇಳುತ್ತಾ ಹೋದರು. 44 ವರ್ಷ ಆ ಕಾಗದ ಅವರ ತಲೆಯಲ್ಲಿತ್ತು.

ನಿಮ್ಮ ಅಮ್ಮನಿಗೆ ಕಾಲುನೋವು ಇಲ್ಲ, ಬಿಸಿಲು ತಡೆಯುತ್ತಾರೆ ಅಂದರೆ, ಅವರನ್ನೂ ಒಮ್ಮೆ ಕೇಳಿ ನೋಡಿ. ಟಿಕೆಟ್ ಮಾಡಿಸುವ ಮೊದಲು ಯಾವ ಊರಿನಲ್ಲಿ ಉಳಿಯುತ್ತೀರಿ ಅಂತ ಇಲ್ಲೇ ಬರೆಯಿರಿ. ಅದು ನಡುಗೆರೆಗೆ ಎಷ್ಟು ಹತ್ತಿರ ಅಂತ ನಕ್ಷೆ ನೋಡಿ ಹೇಳುತ್ತೇನೆ.