ಪೊರಕೆ ಯಾರ ಕೈಗೆ?

ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಅವರು ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. "ಜಪಾನಿನಲ್ಲಿ ಮಕ್ಕಳೇ ಶಾಲೆ ಗುಡಿಸಿ ಒರೆಸುವ ವಿಡಿಯೊ ನೋಡಿದೆ. ನಮ್ಮಲ್ಲಿ ಮಗು ಪೊರಕೆ ಹಿಡಿದ ಫೋಟೊ ಹೊರಗೆ ಬಂದರೆ ಮೇಷ್ಟ್ರಿಗೆ ನೋಟಿಸ್ ಬರುತ್ತೆ. ಅಲ್ಲಿ ಸರಿಯಾದದ್ದು ಇಲ್ಲಿ ಹೇಗೆ ತಪ್ಪಾಗುತ್ತೆ? ನಾವೇ ಮಕ್ಕಳನ್ನ ಮುದ್ದು ಮಾಡಿ ಕೆಡಿಸ್ತಿದ್ದೀವಾ?" ಅಂತ ಕೇಳಿದ್ದಾರೆ.

ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು.

ಜಪಾನಿನ ಶಾಲೆಗಳಲ್ಲಿ ಈ ಕೆಲಸಕ್ಕೆ ಸುಮಾರು 15–20 ನಿಮಿಷ ಇಟ್ಟಿರುತ್ತಾರೆ, ಹೆಚ್ಚಾಗಿ ಮಧ್ಯಾಹ್ನದ ಊಟ ಆದ ಮೇಲೆ. ಎಷ್ಟೋ ಕಡೆ ಮೈಕಿನಲ್ಲಿ ಹಾಡು ಹಾಕುತ್ತಾರೆ. ಮಕ್ಕಳು ಡೆಸ್ಕುಗಳನ್ನು ಹಿಂದಕ್ಕೆ ತಳ್ಳಿ ಗುಡಿಸುತ್ತಾರೆ. ಆಮೇಲೆ ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ನೆಲಕ್ಕೆ ಒತ್ತಿ, ಬಗ್ಗಿಕೊಂಡೇ ಈ ಗೋಡೆಯಿಂದ ಆ ಗೋಡೆಗೆ ಓಡುತ್ತಾರೆ. ಆ ಬಟ್ಟೆ ಬಹಳ ಸಲ ಮನೆಯ ಹಳೇ ಟವೆಲ್ ಮಡಿಸಿ ಹೊಲಿದದ್ದು. ಕೆಲಸ ಗುಂಪಿನಿಂದ ಗುಂಪಿಗೆ ಸರದಿಯಲ್ಲಿ ಬದಲಾಗುತ್ತದೆ. ಅನೇಕ ಶಾಲೆಗಳಲ್ಲಿ ಶೌಚಾಲಯಕ್ಕೂ ಸರದಿ ಉಂಟು. ಒಂದನೇ ಕ್ಲಾಸಿನ ಪುಟಾಣಿಗಳಿಗೆ ದೊಡ್ಡ ಕ್ಲಾಸಿನವರು ಬಂದು ಹೇಳಿಕೊಡುವುದೂ ಇದೆ. ಟೀಚರೂ ಜೊತೆಗೇ ಕೈಹಾಕುತ್ತಾರೆ. ಹುಡುಗ, ಹುಡುಗಿ, ಯಾರ ಮನೆಯ ಮಗು ಅನ್ನೋ ಲೆಕ್ಕ ಅಲ್ಲಿಲ್ಲ.

ಇದನ್ನು ನೋಡಿ ಕಲಿತ ದೇಶಗಳೂ ಇವೆ. ಸಿಂಗಪುರ 2016ರ ಕೊನೆಯ ಹೊತ್ತಿಗೆ ತನ್ನ ಶಾಲೆಗಳಿಗೆಲ್ಲ ದಿನದ ಸ್ವಚ್ಛತಾ ಕೆಲಸ ತಂದಿತು. ಈಜಿಪ್ಟ್ 2018ರಲ್ಲಿ ಜಪಾನ್ ಮಾದರಿಯ ಶಾಲೆಗಳನ್ನು ತೆರೆದಾಗ, ಮಕ್ಕಳ ಕೈಲಿ ಕಸ ಗುಡಿಸಿಸುವುದಕ್ಕೆ ಕೆಲವು ಪಾಲಕರು ಆಕ್ಷೇಪ ಎತ್ತಿದರು.

ನಮ್ಮ ಕಥೆ ಬೇರೆ, ಮೇಡಂ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ನಿಮಗೂ ನೆನಪಿರಬಹುದು. ಅವರು ದಲಿತ ಮಕ್ಕಳು. ಅದಾದ ಮೇಲೆ ಶೌಚಾಲಯ ತೊಳೆಯಲು ವಿದ್ಯಾರ್ಥಿಗಳನ್ನು ಬಳಸಬಾರದು ಅಂತ ಸರ್ಕಾರ ಸುತ್ತೋಲೆ ಹೊರಡಿಸಿತು. ಆ ಸುತ್ತೋಲೆ ಬೇಕಿತ್ತು. ನಮ್ಮಲ್ಲಿ ಪೊರಕೆ ಯಾವ ಜಾತಿಯ ಕೈಗೆ ಹೋಗುತ್ತದೆ, ಮನೆಯಲ್ಲಿ ಹುಡುಗಿಯ ಕೈಗೇ ಯಾಕೆ ಹೋಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತು, ಅಲ್ವಾ? ಹಾಗಿರುವಾಗ ಜಪಾನಿನ ಪದ್ಧತಿಯನ್ನು ಸುಮ್ನೆ ತಂದಿಟ್ಟರೆ, ಬಡ ಮಗುವಿನ ಮೇಲೆ ಇನ್ನೊಂದು ಕೆಲಸ ಬೀಳುತ್ತದೆ ಅಷ್ಟೆ.

ಹಾಗಂತ ಮಕ್ಕಳು ಕೆಲಸವನ್ನೇ ಮಾಡಬಾರದು ಅನ್ನೋದನ್ನು ನಾನು ಒಪ್ಪುವುದಿಲ್ಲ. ತಾನು ಕೂತ ಜಾಗ ಗುಡಿಸುವುದು, ಕಪ್ಪುಹಲಗೆ ಒರೆಸುವುದು, ಗಿಡಕ್ಕೆ ನೀರು ಹಾಕುವುದು ಮಗುವಿಗೆ ಅವಮಾನ ಅಲ್ಲ. ಆದರೆ ಸರದಿ ನಿಜವಾಗಿ ಎಲ್ಲರದೂ ಆಗಬೇಕು. ನಿಮ್ಮ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಎತ್ತಿ. ಹಾಜರಿ ಪುಸ್ತಕದ ಕ್ರಮದಲ್ಲೇ ಹೆಸರು ಬರೆದು ಗೋಡೆಗೆ ಅಂಟಿಸಲಿ. ಹೆಡ್‌ಮಾಸ್ಟರ್, ಟೀಚರ್ ಹೆಸರೂ ಅದರಲ್ಲಿರಲಿ. ತಪ್ಪು ಮಾಡಿದವರಿಗೆ ಶಿಕ್ಷೆ ಅಂತ ಯಾರಿಗೂ ಪೊರಕೆ ಕೊಡುವುದು ಬೇಡ. ಪಾಲಕರನ್ನು ಮೊದಲೇ ಕರೆದು ಮಾತಾಡಿ. ಗಂಡುಮಕ್ಕಳ ಅಮ್ಮಂದಿರ ಜೊತೆ ಸ್ವಲ್ಪ ಜಾಸ್ತಿನೇ ಮಾತಾಡಬೇಕಾದೀತು.

ಶೌಚಾಲಯವನ್ನು ಮಾತ್ರ ಆ ಪಟ್ಟಿಗೆ ಸೇರಿಸಬೇಡಿ. ಅಲ್ಲಿಗೆ ನೀರು ಬೇಕು, ತೊಳೆಯುವವರಿಗೆ ಸರಿಯಾದ ಸಂಬಳ ಬೇಕು. ಇವೆರಡನ್ನೂ ಅರ್ಜಿಯಲ್ಲಿ ಬರೆದು ಪಂಚಾಯಿತಿಗೆ ಕೊಡಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

– ಸಂಪಾದಕ