ಕಾರಾ ವಾಕರ್ ಚಿತ್ರ ನೋಡಿ ಕಸಿವಿಸಿಯಾದವರಿಗೆ

ಅಮೆರಿಕದ ಕಪ್ಪು ಕಲಾವಿದೆ ಕಾರಾ ವಾಕರ್ ಅವರು ಕಪ್ಪು ಕಾಗದ ಕತ್ತರಿಸಿ ಮಾಡಿದ ಚಿತ್ರಗಳನ್ನು ಮೊದಲ ಸಲ ನೋಡಿ ತುಂಬಾ ಕಸಿವಿಸಿಯಾಯಿತು, ಕಲೆ ಬಗ್ಗೆ ಏನೂ ಗೊತ್ತಿಲ್ಲದ್ದಕ್ಕೆ ಹೀಗಾಯಿತಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನೀವು ಸರಿಯಾಗೇ ನೋಡಿದ್ದೀರಿ.

ಅವರು 1994ರಲ್ಲಿ ನ್ಯೂಯಾರ್ಕಿನಲ್ಲಿ ಗೋಡೆ ತುಂಬ ಅಂಟಿಸಿದ ಚಿತ್ರವನ್ನೇ ತಗೊಳ್ಳಿ. ದೂರದಿಂದ ಎಲ್ಲ ಚೆಂದ: ಚಂದ್ರ, ಮರ, ಮುತ್ತಿಡಲು ಬಾಗಿದ ಜೋಡಿ. ಹತ್ತಿರ ಹೋದರೆ ಆ ಹೆಂಗಸಿನ ಲಂಗದ ಕೆಳಗೆ ಇನ್ನೊಂದು ಜೊತೆ ಕಾಲು ಕಾಣುತ್ತವೆ! ಪಕ್ಕದಲ್ಲೇ ಒಂದು ಮಗು ಸತ್ತ ಹಕ್ಕಿಯ ಕತ್ತು ಹಿಡಿದು ನಿಂತಿದೆ. ಹಿಂದೆ ಅನುಕೂಲಸ್ಥರ ಮನೆಗಳಲ್ಲಿ ಇಂಥ ನೆರಳುಚಿತ್ರ ಕತ್ತರಿಸುವುದು ಒಂದು ಹವ್ಯಾಸವಾಗಿತ್ತು, ಅದೇ ನಾಜೂಕಿನ ಕೆಲಸದಲ್ಲಿ ವಾಕರ್ ಅಮೆರಿಕದ ಕಪ್ಪು ಜನರ ಗುಲಾಮಗಿರಿಯ ಕ್ರೌರ್ಯ ತೋರಿಸುತ್ತಾರೆ. ಇಲ್ಲಿ ಎಲ್ಲರೂ ಕಪ್ಪು ಕಾಗದವೇ ಅಲ್ವಾ? ಆದರೂ ತುಟಿ, ಮೂಗು, ಕೂದಲಿನ ಅಂಚು ನೋಡಿ ಯಾರು ಒಡೆಯ, ಯಾರು ಗುಲಾಮ ಅಂತ ನಾವೇ ಕ್ಷಣದಲ್ಲಿ ವಿಂಗಡಿಸಿಬಿಡುತ್ತೇವೆ. ನನ್ನನ್ನು ಜಾಸ್ತಿ ಕಾಡುವುದು ಇದೇ.

ಇಷ್ಟವಾಗಲೇಬೇಕು ಅಂತೇನಿಲ್ಲ. ಹಿರಿಯ ಕಪ್ಪು ಕಲಾವಿದೆ ಬೆಟೀ ಸಾರ್ 1997ರಲ್ಲಿ ಪತ್ರಗಳನ್ನು ಬರೆದು ಈ ಕೃತಿಗಳನ್ನು ಬಲವಾಗಿ ವಿರೋಧಿಸಿದರು. ಕಪ್ಪು ಜನರನ್ನು ಅವಮಾನಿಸುವ ಹಳೆಯ ಚಿತ್ರಗಳನ್ನೇ ಮತ್ತೆ ತೋರಿಸಿದಂತೆ ಅನ್ನುವ ಅವರ ಸಿಟ್ಟಿಗೆ ತೂಕವಿದೆ. ಆದರೂ ನಾನು ವಾಕರ್ ಪರ.

ಮುಂದೆ ವಾಕರ್ ಅವರ 2014ರ ಸಕ್ಕರೆ ಸ್ಫಿಂಕ್ಸ್ ಫೋಟೋ ನೋಡಿ, ಅಂದರೆ ಸಕ್ಕರೆ ಹಚ್ಚಿ ಮಾಡಿದ, ಹೆಂಗಸಿನ ತಲೆ ಮತ್ತು ಸಿಂಹದ ಮೈಯ ಭಾರಿ ಪ್ರತಿಮೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಹಳೆಯ ಸಕ್ಕರೆ ಕಾರ್ಖಾನೆಯಲ್ಲಿ ಮಾಡಿದ್ದು. ಕಬ್ಬಿನ ತೋಟಗಳಲ್ಲಿ ದುಡಿದವರು ಯಾರು ಅಂತ ಒಂದಿಷ್ಟು ಓದಿಕೊಂಡು ನೋಡಿದರೆ ಇನ್ನೂ ಚೆನ್ನಾಗಿ ತಲುಪುತ್ತದೆ.