ಬಿರುಗಾಳಿಯೂ ಅಳತೆಪಟ್ಟಿಯೂ

ಫಾಸ್ಟ್‌ನೆಟ್ ಎಂಬ ಹಾಯಿದೋಣಿ ಪಂದ್ಯದ ದುರಂತಕ್ಕೆ ದೋಣಿಗಳ ವಿನ್ಯಾಸವನ್ನು ದೂರಿದ ಕಳೆದ ಸಂಚಿಕೆಯ ಲೇಖನ ಓದಿ ಕಾರವಾರದ ಓದುಗರೊಬ್ಬರು ಬರೆದಿದ್ದಾರೆ: ‘1979ರ ಆ ಪಂದ್ಯದಲ್ಲಿ ಹದಿನೈದು ಸ್ಪರ್ಧಿಗಳು ಸತ್ತದ್ದು ಬಿರುಗಾಳಿಗೆ. ವಿನ್ಯಾಸಕಾರರನ್ನು ದೂರುವುದು ಯಾವ ನ್ಯಾಯ? ಕಡಲು ಕೆರಳಿದರೆ ಯಾವ ದೋಣಿ ತಾಳೀತು? ನಮ್ಮಜ್ಜನ ಮಚ್ವೆ ದೋಣಿಯೂ ಒಮ್ಮೆ ಮಗುಚಿತ್ತು. ಬಡಗಿಯನ್ನು ಯಾರೂ ಬೈಯಲಿಲ್ಲ.’

ಸಂಪಾದಕರ ಉತ್ತರ:

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ‘ಕೊಂದ ದೋಣಿಗಳು’ ಎಂಬ ತಲೆಬರಹ ಕೊಟ್ಟವನು ನಾನು, ಲೇಖಕರಲ್ಲ. ಅದು ಅನ್ಯಾಯದ ಮಾತು. ಆಗಸ್ಟ್ 11ರಂದು ಇಂಗ್ಲೆಂಡಿನ ಕೌಸ್‌ನಿಂದ 303 ದೋಣಿಗಳು ಹೊರಟವು. ಐರ್ಲೆಂಡಿನ ದಕ್ಷಿಣಕ್ಕಿರುವ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಪ್ಲಿಮತ್‌ಗೆ ಮರಳಬೇಕಿತ್ತು. 13ರ ರಾತ್ರಿ, ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪನದ ಹತ್ತನೇ ಬಲದ ಗಾಳಿ ಎರಗಿತು. ಗುರಿ ಮುಟ್ಟಿದವು 85 ಮಾತ್ರ. ನಾವಿಕರು ಬಿಟ್ಟು ಹೋದ ದೋಣಿಗಳು 24. ಅವುಗಳಲ್ಲಿ 19 ಆಮೇಲೆ ತೇಲುತ್ತಲೇ ಸಿಕ್ಕಿದವು. ಅವುಗಳನ್ನು ಬಿಟ್ಟು ರಬ್ಬರಿನ ಜೀವರಕ್ಷಕ ತೆಪ್ಪಕ್ಕೆ ಇಳಿದವರಲ್ಲಿ ಕೆಲವರು ಉಳಿಯಲಿಲ್ಲ. ಆ ಸಾವುಗಳನ್ನು ವಿನ್ಯಾಸಕಾರರ ತಲೆಗೆ ಕಟ್ಟಲಾಗದು. ಇಷ್ಟರ ಮಟ್ಟಿಗೆ ನಿಮ್ಮ ಮಾತು ಪೂರ್ತಿ ಸರಿ.

ಆದರೆ ‘ಯಾವ ದೋಣಿ ತಾಳೀತು’ ಎಂಬ ಪ್ರಶ್ನೆಯಲ್ಲಿ ಎಲ್ಲ ದೋಣಿಗಳೂ ಒಂದೇ ಎಂಬ ಗ್ರಹಿಕೆ ಇದೆ. ಅಲ್ಲಿ ನಾನು ಒಪ್ಪಲಾರೆ.

ಬೇರೆ ಬೇರೆ ಗಾತ್ರದ ದೋಣಿಗಳು ಒಂದೇ ಪಂದ್ಯದಲ್ಲಿ ಓಡಿದರೆ ಗೆದ್ದವರು ಯಾರೆಂದು ಹೇಗೆ ಹೇಳುವುದು? ಉದ್ದ, ಅಗಲ, ಆಳ, ಹಾಯಿಯ ವಿಸ್ತಾರ ಎಲ್ಲವನ್ನೂ ಅಳೆದು ಪ್ರತಿ ದೋಣಿಗೂ ಒಂದು ರೇಟಿಂಗ್ ಕೊಡುತ್ತಾರೆ. ಓಡಿದ ಸಮಯವನ್ನು ಅದಕ್ಕೆ ತಕ್ಕಂತೆ ತಿದ್ದುತ್ತಾರೆ. 1970ರ ಹೊತ್ತಿಗೆ ಬ್ರಿಟನ್ನಿನ ಒಂದು ನಿಯಮವನ್ನೂ ಅಮೆರಿಕದ ಒಂದು ನಿಯಮವನ್ನೂ ಬೆಸೆದು ಐಒಆರ್ (ಇಂಟರ್‌ನ್ಯಾಷನಲ್ ಆಫ್‌ಶೋರ್ ರೂಲ್) ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಅದನ್ನು ರೂಪಿಸಿದವರ ಮುಂಚೂಣಿಯಲ್ಲಿದ್ದವರು ಓಲಿನ್ ಸ್ಟೀಫನ್ಸ್, ಇಪ್ಪತ್ತನೇ ಶತಮಾನದ ಶ್ರೇಷ್ಠ ದೋಣಿ ವಿನ್ಯಾಸಕಾರರಲ್ಲಿ ಒಬ್ಬರು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಅಳತೆಪಟ್ಟಿ ಇಟ್ಟ ದಿನದಿಂದಲೇ ವಿನ್ಯಾಸಕಾರರು ಕಡಲಿಗಾಗಿ ಅಲ್ಲ, ಪಟ್ಟಿಗಾಗಿ ದೋಣಿ ಬರೆಯತೊಡಗಿದರು. ಅಳತೆ ತೆಗೆಯುವ ಜಾಗದಲ್ಲಿ ಒಡಲು ಉಬ್ಬಿತು, ಹಿಂಭಾಗ ಚೂಪಾಯಿತು. ಈಗಲೂ ಹಳೆಯ ಐಒಆರ್ ದೋಣಿಯನ್ನು ದಡದ ಮೇಲೆ ಕಂಡರೆ ಆ ಗಂಟುಗಳಿಂದಲೇ ಗುರುತಿಸಬಹುದು.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ದೋಣಿಯನ್ನು ಓರೆಯಾಗಿಸಿ ಅದರ ಸ್ಥಿರತೆಯನ್ನೂ ಅಳೆಯುತ್ತಿದ್ದರು, ಮತ್ತು ಸ್ಥಿರತೆ ಹೆಚ್ಚಿದ್ದರೆ ರೇಟಿಂಗ್‌ನಲ್ಲಿ ದಂಡ ಬೀಳುತ್ತಿತ್ತು! ಹಾಗಾಗಿ ಕೀಲ್‌ನ, ಅಂದರೆ ಒಡಲಿನ ಕೆಳಗೆ ನೀರಿಗಿಳಿಯುವ ರೆಕ್ಕೆಯ, ತಳದಲ್ಲಿರಬೇಕಾದ ಭಾರ ಒಡಲೊಳಗೆ ಮೇಲಕ್ಕೆ ಬಂತು. ಕಳೆದುಕೊಂಡ ಸ್ಥಿರತೆಯನ್ನು ಅಗಲದಿಂದಲೂ, ಅಂಚಿನಲ್ಲಿ ಸಾಲಾಗಿ ಕೂತ ನಾವಿಕರ ಮೈತೂಕದಿಂದಲೂ ತುಂಬಿಕೊಂಡರು.

ಮನೆಯಲ್ಲೇ ನೋಡಬಹುದು. ಹಂಡೆಯ ನೀರಿನಲ್ಲಿ ಊಟದ ತಟ್ಟೆಯನ್ನು ತೇಲಿಬಿಡಿ, ಅಲುಗದೆ ನಿಲ್ಲುತ್ತದೆ. ತಳದಲ್ಲಿ ಮರಳು ತುಂಬಿದ ಚೊಂಬನ್ನು ಬಿಡಿ. ಅದು ತೂಗಾಡುತ್ತದೆ, ಆದರೆ ಎಷ್ಟು ಬಗ್ಗಿಸಿದರೂ ಎದ್ದು ನಿಲ್ಲುತ್ತದೆ. ತಟ್ಟೆಯಂಥ ದೋಣಿ ಒಮ್ಮೆ ಬೋರಲಾದರೆ ಬೋರಲಾಗಿಯೂ ಸ್ಥಿರವಾಗಿ ನಿಂತುಬಿಡಬಹುದು. ಹಾಯಿ ಕಟ್ಟುವ ಕೂವೆಮರ ನೀರಿಗೆ ತಾಗಿದಾಗ ದೋಣಿ 90 ಡಿಗ್ರಿ ವಾಲಿರುತ್ತದೆ. ಅಂದಿನ ಕೆಲವು ಅಗಲ ದೋಣಿಗಳು ಸುಮಾರು 120 ಡಿಗ್ರಿ ದಾಟಿದರೆ ತಾವಾಗಿ ಏಳುತ್ತಿರಲಿಲ್ಲ. ಡೇವಿಡ್ ಸ್ಯಾಡ್ಲರ್ ರೂಪಿಸಿದ ಕಂಟೆಸ್ಸಾ 32 ಎಂಬ ಕಿರಿದಾದ, ಆಳವಾದ ದೋಣಿಗೆ ಆ ಮಿತಿ 150 ಡಿಗ್ರಿಗೂ ಮೇಲೆ. ತಲೆಕೆಳಗಾದ ದೋಣಿಯೊಳಗಿನ ಕತ್ತಲಲ್ಲಿ, ಇನ್ನೊಂದು ಅಲೆ ಬಂದು ಎತ್ತೀತೇ ಎಂದು ಕಾಯುವವರಿಗೆ ಈ ಮೂವತ್ತು ಡಿಗ್ರಿ ಏನೆಂದು ಯೋಚಿಸಿ.

ಬಡಗಿಯ ಮಾತಿಗೆ ಬರುತ್ತೇನೆ. ನಿಮ್ಮಜ್ಜನ ಮಚ್ವೆ ಕಟ್ಟಿದವನು ಸರಕು, ಮಳೆಗಾಲ, ಅಳಿವೆಯ ಮರಳದಿಬ್ಬಗಳನ್ನು ನೆನೆದು ಕಟ್ಟಿದ. ಸ್ಥಿರವಾಗಿ ಕಟ್ಟಿದ್ದಕ್ಕೆ ಅವನಿಗೆ ಯಾರೂ ದಂಡ ಹಾಕಿರಲಿಲ್ಲ. ನಾನು ದೂರುವುದು ಬಡಗಿಗಳನ್ನಲ್ಲ, ಆ ದಂಡವನ್ನು.

ಆ ಬಳಿಕ ಆದದ್ದನ್ನೂ ಹೇಳಬೇಕು. ಸೌತಾಂಪ್ಟನ್‌ನ ತೊಟ್ಟಿಗಳಲ್ಲಿ ಮಾದರಿ ದೋಣಿಗಳ ಮೇಲೆ ಅಲೆಗಳನ್ನು ಒಡೆಸಿ ನೋಡಿದರು. ದೋಣಿಯ ಉದ್ದದ ಶೇ 60ರಷ್ಟು ಎತ್ತರದ ಅಲೆ ಅಡ್ಡಲಾಗಿ ಮುರಿದುಬಿದ್ದರೆ ಯಾವ ಆಕಾರವೂ ಉರುಳದೆ ಇರದೆಂದು ಗೊತ್ತಾಯಿತು. ಇದು ನಿಮ್ಮ ಪರವಾದ ಸಾಕ್ಷ್ಯ, ಮುಚ್ಚಿಡಲಾರೆ. ಉರುಳಿದ ಮೇಲೆ ಏಳುವುದು ಮಾತ್ರ ಆಕಾರಕ್ಕೂ ಭಾರಕ್ಕೂ ಸೇರಿದ್ದು. ಪಂದ್ಯಗಳಿಗೆ ಸ್ಥಿರತೆಯ ಕನಿಷ್ಠ ಮಿತಿಗಳು ಬಂದವು. 1990ರ ದಶಕದ ಆರಂಭದಲ್ಲಿ ಐಒಆರ್ ಮರೆಗೆ ಸರಿಯಿತು.

ಫಾಸ್ಟ್‌ನೆಟ್‌ನ ಅತಿ ಚಿಕ್ಕ ವರ್ಗದಲ್ಲಿ ಹೊರಟವು 58, ಗುರಿ ಮುಟ್ಟಿದ್ದು ಒಂದೇ ಒಂದು: ‘ಅಸೆಂಟ್’ ಎಂಬ ಕಂಟೆಸ್ಸಾ 32. ಅದೇ ದೋಣಿ ಮುಂದೆ ಗ್ರೀನ್‌ಲ್ಯಾಂಡಿನ ಹಿಮದ ನೀರಿಗೂ ಹೋಗಿ ಬಂತು.